ಲೈನ್‌ಮನ್‌ರ ಎಡ ಮಂಡಿ

ನನ್ನ ಫೋನಿನಲ್ಲಿ ಮಗಳ ಹುಟ್ಟುಹಬ್ಬದ ಚಿತ್ರಕ್ಕೂ ತಂಗಿಯ ಸೀಮಂತದ ಚಿತ್ರಕ್ಕೂ ನಡುವೆ ಒಂದು ಮೊಣಕಾಲಿನ ಎಕ್ಸ್‌ರೇ ಇದೆ. ಅದು ನನ್ನದಲ್ಲ, ನನ್ನ ಮನೆಯವರ ಪೈಕಿ ಯಾರದ್ದೂ ಅಲ್ಲ. ಕಳೆದ ತಿಂಗಳು ನಿವೃತ್ತರಾದ ನಮ್ಮ ಲೈನ್‌ಮನ್ ಒಬ್ಬರ ಎಡ ಮಂಡಿಯದು. ಅಳಿಸಿಬಿಡೋಣ ಅಂತ ಎಷ್ಟೋ ಸಲ ಅದರ ಮೇಲೆ ಬೆರಳಿಟ್ಟಿದ್ದೇನೆ. ಇನ್ನೂ ಅಳಿಸಿಲ್ಲ.

ಬೀಳ್ಕೊಡುಗೆ ನ್ಯಾಮತಿ ಆಫೀಸಿನ ಅಂಗಳದಲ್ಲೇ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಾತಾಡಿದವರೆಲ್ಲ ಅವರನ್ನು ಧೈರ್ಯಶಾಲಿ ಅಂದರು. ಒಬ್ಬರಂತೂ ಅವರಿಗೆ ಭಯ ಅನ್ನೋದೇ ಗೊತ್ತಿಲ್ಲ ಅಂತ ಎರಡು ಸಲ ಹೇಳಿದರು. ನಾನು ಮೂರನೇ ಸಾಲಿನಲ್ಲಿ ಕೂತು ಆ ಭಾಷಣಗಳನ್ನು ಅರ್ಧಂಬರ್ಧ ಕೇಳುತ್ತಿದ್ದೆ. ನನ್ನ ಕಣ್ಣೆಲ್ಲ ವೇದಿಕೆಯ ಮೆಟ್ಟಿಲ ಮೇಲಿತ್ತು. ಇದ್ದದ್ದೇ ಎರಡು ಮೆಟ್ಟಿಲು. ಕಾರ್ಯಕ್ರಮ ಮುಗಿದಾಗ ಅವರು ಕುರ್ಚಿಯ ಬೆನ್ನು ಹಿಡಿದು, ಎಡಗಾಲನ್ನು ಮೊದಲು ಕೆಳಗಿಟ್ಟು, ಬಲಗಾಲನ್ನು ಅದರ ಪಕ್ಕಕ್ಕೆ ತಂದು, ಮತ್ತೆ ಹಾಗೇ ಮಾಡಿ ನೆಲಕ್ಕಿಳಿದರು. ಆಮೇಲೆ ನಾನು ಉಸಿರು ಬಿಟ್ಟೆ.

ನಾನು ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನವಳು. ಹೊನ್ನಾಳಿಯಲ್ಲಿ ಮನೆ. ಹೊನ್ನಾಳಿಗೂ ನ್ಯಾಮತಿಗೂ ನಡುವಿನ ಒಂದು ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿ ವರ್ಷಾನುಗಟ್ಟಲೆ ಕೆಲಸ ಮಾಡಿದ್ದೇನೆ. ಹುಟ್ಟಾ ಹೆದರುಪುಕ್ಕಲಿ. ಮನೆಯ ಬೀಗ ಹಾಕಿ ಬಸ್‌ಸ್ಟಾಪಿನ ತನಕ ಬಂದವಳು ಮತ್ತೆ ಹೋಗಿ ಬೀಗ ಜಗ್ಗಿ ನೋಡುವ ಜಾತಿ. ಇಂಥವಳ ಕೈಗೆ ಊರೂರಿನ ವಿದ್ಯುತ್ ಲೈನಿನ ಸ್ವಿಚ್ಚು ಕೊಟ್ಟದ್ದು ಯಾರ ಬುದ್ಧಿವಂತಿಕೆಯೋ ಅಂತ ನನ್ನ ಮನೆಯವರು ಈಗಲೂ ಹಂಗಿಸುತ್ತಾರೆ.

ನಮ್ಮ ಕೆಲಸದಲ್ಲಿ ಎಲ್‌ಸಿ ಅಂತ ಒಂದಿದೆ, ಲೈನ್ ಕ್ಲಿಯರ್. ಲೈನ್‌ಮನ್ ಕಂಬ ಹತ್ತುವ ಮೊದಲು ಫೋನು ಮಾಡಿ ಎಲ್‌ಸಿ ಕೇಳುತ್ತಾನೆ. ನಾವು ಆ ಲೈನಿನ ಕರೆಂಟು ತೆಗೆದು, ಒಂದು ನಂಬರ್ ಕೊಟ್ಟು, ರಿಜಿಸ್ಟರಿನಲ್ಲಿ ಹೊತ್ತು ಬರೆದುಕೊಳ್ಳುತ್ತೇವೆ. ಕೆಲಸ ಮುಗಿಸಿ ಕೆಳಗಿಳಿದ ಮೇಲೆ ಅವನು ಅದೇ ನಂಬರ್ ಹೇಳಿ ಎಲ್‌ಸಿ ವಾಪಸ್ ಮಾಡಬೇಕು. ಆಗ ನಾವು ಲೈನಿಗೆ ಮತ್ತೆ ಕರೆಂಟು ಬಿಡುತ್ತೇವೆ. ಕಂಬದ ಮೇಲಿರುವವನ ಜೀವ, ಹತ್ತು ಮೈಲಿ ಆಚೆ ಕೂತವರ ಕೈಯಲ್ಲಿ. ಕೂತವರಿಗೆ ಅವನು ಕಾಣುವುದಿಲ್ಲ. ಅವನ ಮಾತು ನಂಬಬೇಕು, ಅಷ್ಟೇ.

ಈಗ ನಿವೃತ್ತರಾದ ಇವರು ಮಾತ್ರ ನಂಬರನ್ನು ಮೊದಲು ಹೇಳುತ್ತಿರಲಿಲ್ಲ. "ನೆಲ ಮುಟ್ಟಿದೀನಿ, ಬರಕೊಳ್ರಿ" ಅನ್ನುತ್ತಿದ್ದರು. ಆಮೇಲೆ ನಂಬರು. ಮಿಕ್ಕ ಲೈನ್‌ಮನ್‌ಗಳು ಬರೀ ನಂಬರು ಒದರಿ ಫೋನಿಡುತ್ತಿದ್ದರು. ನಾನು ಮತ್ತೆ ಮತ್ತೆ, ಇಳಿದಿದ್ದೀರಾ, ನಿಜವಾಗಲೂ ಇಳಿದಿದ್ದೀರಾ ಅಂತ ಕೇಳಿ ಅವರ ಕೈಲಿ ಬೈಸಿಕೊಳ್ಳುತ್ತಿದ್ದೆ. ಇವರೊಬ್ಬರ ಹತ್ತಿರ ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ. ನನ್ನ ಪುಕ್ಕಲುತನ ಕಂಡು ಅವರೇ ನನಗಾಗಿ ಮಾಡಿಕೊಂಡಿದ್ದ ಪದ್ಧತಿ ಅದು ಅಂತ ನನಗೆ ಗೊತ್ತಾದದ್ದು ತಡವಾಗಿ.

ಅವರದು ಜಗಳೂರು ತಾಲ್ಲೂಕಿನ ಬಿಳಿಚೋಡು. ಕುರಿ ಕಾಯುವ ಮನೆತನ. ಸಣ್ಣ ಆಳು, ಕಡ್ಡಿಯಂಥ ಮೈ, ತುಂಬು ಮೀಸೆ. ಮೊದಲು ಜಗಳೂರಿನಲ್ಲಿ, ಆಮೇಲೆ ಚನ್ನಗಿರಿಯಲ್ಲಿ, ಕೊನೆಗೆ ನಮ್ಮ ಕಡೆ ಕೆಲಸ ಮಾಡಿದರು. ಜಗಳೂರಿನ ಬಯಲಲ್ಲಿ ನಿಂತರೆ ನಲವತ್ತು ಕಂಬ ಒಂದೇ ಸಾಲಿನಲ್ಲಿ ಕಾಣುತ್ತಿದ್ದವಂತೆ. ಚನ್ನಗಿರಿಗೆ ಬಂದರೆ ತಂತಿಗಿಂತ ಅಡಿಕೆ ಗರಿಯೇ ಜಾಸ್ತಿ, ಅದು ತಗುಲಿದರೆ ಕರೆಂಟು ಹೋಗುತ್ತದೆ. "ನಿಮ್ಮೋರು ಅಡಿಕೆ ಬೆಳೆಯೋದು ಮಾರಾಕಲ್ಲ, ನಮ್ಮ ಲೈನ್ ಟ್ರಿಪ್ ಮಾಡಾಕೆ" ಅಂತ ನನ್ನನ್ನು ಕಾಡುತ್ತಿದ್ದರು.

ಕಂಬ ಹತ್ತುವ ಮೊದಲು ಚಪ್ಪಲಿ ಬಿಡುತ್ತಿದ್ದರು. ಕಂಬವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಇಲಾಖೆ ಕೊಟ್ಟ ಬೂಟು ಅವರ ಮನೆಯ ಅಟ್ಟದಲ್ಲಿ ಹೊಚ್ಚಹೊಸದಾಗಿತ್ತು. ಬೂಟು ಹಾಕಿಕೊಂಡರೆ ಕಂಬದ ಗುಣ ಗೊತ್ತಾಗುವುದಿಲ್ಲವಂತೆ. ಪ್ರತಿ ಕಂಬಕ್ಕೂ ಒಂದು ಗುಣ ಇತ್ತು ಅವರ ಪ್ರಕಾರ. ಗೋವಿನಕೋವಿ ದಾರಿಯ ಒಂದು ಕಂಬ ಸಿಟ್ಟಿನದು, ಕೆರೆ ಏರಿಯ ಇನ್ನೊಂದು ಸೋಮಾರಿ, ಶಾಲೆಯ ಹಿಂದಿನದು ಪಾಪದ್ದು. ತಂತಿಯ ವಿಷಯದಲ್ಲಿ ಮಾತ್ರ ಇಂಥ ಸಲಿಗೆ ಇರಲಿಲ್ಲ. "ತಂತಿಗೆ ಪರಿಚಯ ಅನ್ನೋದು ಇಲ್ರೀ" ಅನ್ನುತ್ತಿದ್ದರು. ನಾನು ತೀರಾ ಕಳವಳಪಟ್ಟರೆ ಇನ್ನೊಂದು ಮಾತಿತ್ತು: "ನೀವು ಹೆದರಾಕೆ ಸಂಬಳ ತಗೊಳ್ರಿ, ನಾನು ಹತ್ತಾಕೆ ತಗೊಳ್ತೀನಿ."

ಒಮ್ಮೆ ಕಂಟ್ರೋಲ್ ರೂಮಿನ ಕೇಬಲ್ ಗುಂಡಿಯಲ್ಲಿ ಹಾವು ಬಂದಿತ್ತು. ನಾನು ಮೇಜಿನ ಮೇಲೆ ನಿಂತು ಫೋನು ಮಾಡಿದೆ. ಅವರು ಬಂದು, ಹಾವನ್ನು ಗೋಣಿಚೀಲದಲ್ಲಿ ಹಿಡಿದು, ಆಚೆ ಬಿಟ್ಟು ಬಂದು, ಕೈ ತೊಳೆದು, ನನ್ನ ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಅರ್ಧ ಉಂಡು ಹೋದರು. ಹೋಗುವಾಗ, ಅದು ನಿಮಗಿಂತ ಹೆಚ್ಚು ಹೆದರಿತ್ತು ಅಂದರು. ಅವರ ಸಮಾಧಾನಗಳು ಈ ತರದವು.

ಮಂಡಿಯ ವಿಷಯ ನನಗೆ ತಿಳಿದದ್ದು ಅವರ ನಡಿಗೆಯಿಂದಲ್ಲ, ನನ್ನ ರಿಜಿಸ್ಟರಿನಿಂದ. ಲೈನು ಜೋಡಿಸುವ ಜಂಪರ್ ತಂತಿ ತುಂಡಾದರೆ ಕಟ್ಟಿ ಇಳಿಯಲು ಅವರಿಗೆ ಕಾಲು ಗಂಟೆ ಸಾಕಿತ್ತು. ಅದು ಇಪ್ಪತ್ತೈದು ನಿಮಿಷವಾಯಿತು, ಆಮೇಲೆ ನಲವತ್ತಾಯಿತು. ಕೇಳಿದರೆ ಜೇನು ಕಟ್ಟಿತ್ತು, ಬೋಲ್ಟು ತುಕ್ಕು ಹಿಡಿದಿತ್ತು ಅಂತ ಸಬೂಬು. ಎಲ್ಲ ಕಂಬದಲ್ಲೂ ಜೇನು ಕಟ್ಟಲು ಸಾಧ್ಯವೇ? ಎಲ್‌ಸಿ ಕೊಟ್ಟ ಮೇಲೆ ನನಗೆ ಕೂರಲಾಗದು. ಗಡಿಯಾರ ನೋಡುತ್ತ ಆ ಸಣ್ಣ ಕೋಣೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೆ. ಅವರು ತಡ ಮಾಡಿದಷ್ಟೂ ನನ್ನ ತಿರುಗಾಟ ಹೆಚ್ಚಾಯಿತು.

ಒಂದು ದಿನ ಸಬ್‌ಸ್ಟೇಷನ್ನಿಗೆ ಬಂದವರು ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಏಳಲು ಹೋದರು, ಏಳಲಾಗಲಿಲ್ಲ. ಎರಡೂ ಕೈಯನ್ನು ತೊಡೆಗೆ ಊರಿ, ಹಲ್ಲು ಕಚ್ಚಿ ಎದ್ದರು. ಅಂಗಿಯ ಜೇಬಿನಿಂದ ನೋವಿನ ಮಾತ್ರೆಯ ಹಾಳೆ ಕೆಳಗೆ ಬಿತ್ತು. ಹತ್ತರಲ್ಲಿ ಉಳಿದದ್ದು ಎರಡು. ಅದನ್ನು ನಾನೇ ಎತ್ತಿಕೊಟ್ಟೆ. ಅವರು ನನ್ನ ಮುಖ ನೋಡಲಿಲ್ಲ. ಹರಳೆಣ್ಣೆ ತಿಕ್ಕಿಸಿಕೊಂಡದ್ದು, ಉಪ್ಪಿನ ಶಾಖ, ಯಾವುದೋ ಊರಿನ ಪಟ್ಟು, ಎಲ್ಲ ಆಗಿಹೋಗಿತ್ತು ಅಂತ ಆಗ ಒಂದೊಂದಾಗಿ ಬಾಯಿಬಿಟ್ಟರು. ಇಲಾಖೆಗೆ ಗೊತ್ತಾದರೆ ಕಂಬದಿಂದ ತೆಗೆದು ಆಫೀಸಿನಲ್ಲಿ ಕೂರಿಸುತ್ತಾರೆ, ನಿವೃತ್ತಿಗೆ ಇನ್ನೆರಡು ವರ್ಷ ಇದೆ, ಅಲ್ಲಿಯ ತನಕ ಹೇಳಬೇಡಿ ಅಂದರು. ನಾನು ಹೇಳುವುದಿಲ್ಲ ಅಂದೆ. ಅವರಿಗೆ ಕೊಟ್ಟ ಮಾತುಗಳಲ್ಲಿ ಅದು ಮೊದಲನೆಯದು.

ಅದಾದ ಕೆಲವು ದಿನಕ್ಕೆ ಅವರ ಫೋನಿಗೆ ಯಾರೋ ಒಂದು ವಿಡಿಯೊ ಕಳಿಸಿದ್ದರು. ನಮ್ಮ ರಕ್ತವನ್ನೇ ತೆಗೆದು ಮಂಡಿಗೆ ಚುಚ್ಚುತ್ತಾರಂತೆ, ಸವೆದ ಮಂಡಿ ಹೊಸದಾಗಿ ಬೆಳೆಯುತ್ತದಂತೆ. ಅದನ್ನು ನನಗೆ ತೋರಿಸಿದಾಗ ಅವರ ಕಣ್ಣಿನಲ್ಲಿ ಇದ್ದ ಆಸೆ ನೋಡಿ ನನಗೆ ಸಂಕಟವಾಯಿತು. ಜೊತೆಗೆ ಬರುತ್ತೀರಾ ಅಂದರು. ಹೆಂಡತಿಗೆ ಹೇಳಿದರೆ ಅವಳು ಇಲಾಖೆಗೆ ಹೇಳಿಬಿಡುತ್ತಾಳೆ. ನಾನಾದರೆ ಯಾವ ಕಾಗದವನ್ನೂ ಎರಡು ಸಲ ಓದದೆ ಬಿಡುವವಳಲ್ಲ. ದಾವಣಗೆರೆಯ ಒಂದು ಮೂಳೆ ಆಸ್ಪತ್ರೆಗೆ ಹೋದೆವು.

ಡಾಕ್ಟರು ಹದವಾದ ಮನುಷ್ಯ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮಂಡಿಯ ಒಳಮಗ್ಗುಲಲ್ಲಿ ಎರಡು ಮೂಳೆಯ ನಡುವಿನ ಸಂದು ಕಿರಿದಾಗಿರುವುದನ್ನು ತೋರಿಸಿದರು. ನಾನು ಚಿತ್ರ ತೆಗೆದುಕೊಂಡದ್ದು ಆಗಲೇ. ಪೂರ್ತಿ ಸವೆದಿಲ್ಲ, ಹಾಗಂತ ಚೆನ್ನಾಗಿಯೂ ಇಲ್ಲ, ಮಂಡಿ ಬದಲಿಸುವ ಹಂತ ಬಂದಿಲ್ಲ ಅಂದರು. ವಿಡಿಯೊದ ಮಾತಿಗೆ ನಕ್ಕರು. ಸವೆದದ್ದು ಮತ್ತೆ ಬೆಳೆಯುತ್ತದೆ ಅಂತ ಭರವಸೆ ಕೊಡಲಾರೆ, ನೋವು ಕೆಲವರಿಗೆ ಕೆಲವು ತಿಂಗಳು ಕಡಿಮೆಯಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ, ತೊಡೆಗೆ ಬಲ ಬರುವ ವ್ಯಾಯಾಮ ಮಾಡದಿದ್ದರೆ ಯಾವ ಇಂಜೆಕ್ಷನ್ನೂ ವ್ಯರ್ಥ ಅಂತ ಬಿಡಿಸಿ ಹೇಳಿದರು. ಆದರೂ ಇವರು ಇಂಜೆಕ್ಷನ್ ಬೇಕೇ ಬೇಕು ಅಂದರು. ಅದಕ್ಕೆ ಒಂದು ವಾರ ಮೊದಲೇ ನೋವಿನ ಮಾತ್ರೆ ಬಿಡಬೇಕಿತ್ತು. ಆ ವಾರ ಅವರು ಮಾತ್ರೆ ಬಿಟ್ಟರು, ಕಂಬ ಬಿಡಲಿಲ್ಲ. ನನಗೆ ಆ ವಾರ ಅನ್ನ ಸೇರಲಿಲ್ಲ.

ಇಂಜೆಕ್ಷನ್ನಿನ ದಿನ ಅವರ ತೋಳಿನಿಂದ ರಕ್ತ ತೆಗೆದು, ಕೊಳವೆಗೆ ಹಾಕಿ, ಸಣ್ಣ ಡಬ್ಬಿಯಂಥ ಒಂದು ಯಂತ್ರದಲ್ಲಿಟ್ಟು ಗಿರಗಿರ ತಿರುಗಿಸಿದರು. ಅವರಿಗೆ ಮಂಡಿಗಿಂತ ಯಂತ್ರದ ಮೇಲೆ ಆಸಕ್ತಿ. ಮೋಟಾರು ಎಷ್ಟು ಸುತ್ತು ತಿರುಗುತ್ತದೆ, ಕರೆಂಟು ಹೋದರೆ ಏನು ಮಾಡುತ್ತೀರಿ ಅಂತ ನರ್ಸನ್ನು ಗೋಳು ಹೊಯ್ದುಕೊಂಡರು. ಕೊಳವೆ ಹೊರಗೆ ಬಂದಾಗ ಕೆಂಪು ತಳಕ್ಕೆ ಕೂತಿತ್ತು, ಮೇಲೆ ತಿಳಿಹಳದಿ ನೀರು. ಮಜ್ಜಿಗೆ ಕಡೆದು ಬೆಣ್ಣೆ ತೆಗೆದ ಹಾಗೆ ಅಂತ ಅವರಿಗೆ ಸಂತೋಷವಾಯಿತು. ಕೆಂಪನ್ನು ಏನು ಮಾಡುತ್ತೀರಿ ಅಂತ ಕೇಳಿದರು. ಬಿಸಾಡುತ್ತೇವೆ ಅಂತ ನರ್ಸ್ ಅಂದದ್ದಕ್ಕೆ ಮುಖ ಸಣ್ಣದು ಮಾಡಿಕೊಂಡರು. ಅದೂ ನಂದೇ ಅಲ್ವೇನ್ರಿ ಅಂತ ನನಗೆ ಪಿಸುಗುಟ್ಟಿದರು. ಮಂಡಿಯೊಳಗೆ ಸೂಜಿ ಹೋಗುವಾಗ ಅವರು ಬಗ್ಗಿ ನೋಡುತ್ತಿದ್ದರು. ಕಣ್ಣು ಮುಚ್ಚಿಕೊಂಡವಳು ನಾನು.

ಹೊರಡುವಾಗ ಡಾಕ್ಟರು ಒಂದು ಪತ್ರ ಬರೆದುಕೊಟ್ಟರು. ಈ ಉದ್ಯೋಗಿಗೆ ಎತ್ತರ ಹತ್ತುವ ಕೆಲಸ ಕೊಡಬಾರದು, ತಾವು ಮತ್ತೆ ಪರೀಕ್ಷೆ ಮಾಡಿ ಬರೆದುಕೊಡುವ ತನಕ ನೆಲದ ಮೇಲಿನ ಕೆಲಸ ಕೊಡಬೇಕು ಅಂತ ಅದರಲ್ಲಿತ್ತು. ಕೊಡುವಾಗ ಅವರು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ.

"ನೋವು ಕಡಿಮೆ ಆಯ್ತು ಅಂದ ಮಾತ್ರಕ್ಕೆ ಮಂಡಿಗೆ ಶಕ್ತಿ ಬಂತು ಅಂತ ತಿಳ್ಕೋಬೇಡಿ. ಅದು ಯಾವಾಗ ಬೇಕಾದ್ರೂ ಕೈ ಕೊಡಬಹುದು."

ಬಸ್‌ಸ್ಟ್ಯಾಂಡಿನಲ್ಲಿ ಅವರು ಆ ಪತ್ರವನ್ನು ನಾಲ್ಕಾಗಿ ಮಡಿಸಿ ನನ್ನ ಕೈಗೆ ಕೊಟ್ಟರು. ತಮ್ಮ ಹತ್ತಿರ ಇದ್ದರೆ ಹೆಂಡತಿಯ ಕೈಗೆ ಸಿಗುತ್ತದೆ, ಹರಿದು ಹಾಕಲು ಡಾಕ್ಟರ ಸಹಿ ಇರುವ ಕಾಗದ, ಮನಸ್ಸು ಬರುವುದಿಲ್ಲ ಅಂದರು. ನೀವೇ ಇಟ್ಟುಕೊಳ್ಳಿ, ನಾನೇ ಕೇಳಿ ಇಸಕೊಳ್ತೀನಿ ಅಂದರು. ನಾನು ತೆಗೆದುಕೊಂಡೆ. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ನನ್ನ ಬ್ಯಾಗಿನ ಒಳಜೇಬಿನಲ್ಲಿ ಆ ಪತ್ರ ಸೆರಗಿಗೆ ಕಟ್ಟಿಕೊಂಡ ಕೆಂಡದ ಹಾಗೆ ಕೂತಿತು.

ಮೊದಲ ಮೂರು ದಿನ ಮಂಡಿ ಊದಿ ನೋವು ಇಮ್ಮಡಿಯಾಯಿತು. ಹೀಗಾಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಇನ್ನೂ ಕೆಲವು ದಿನ ಹಳೆಯ ಮಾತ್ರೆ ಮುಟ್ಟುವಂತಿರಲಿಲ್ಲ. ಅವರು ಆ ನಿಯಮವನ್ನು ವ್ರತದ ಹಾಗೆ ಪಾಲಿಸಿದರು. ಕೈಯಲ್ಲಿದ್ದ ರಜೆ ಹಾಕಿ ಮನೆಯಲ್ಲಿ ಕೂತರು. ಹೆಂಡತಿಗೆ ಉಳುಕು ಅಂತ ಹೇಳಿದ್ದರು. ತಿಂಗಳ ಮೇಲೆ ಎರಡನೇ ಇಂಜೆಕ್ಷನ್ ಆಯಿತು. ಅದಾಗಿ ಮೂರು ವಾರಕ್ಕೆ ಸಬ್‌ಸ್ಟೇಷನ್ನಿಗೆ ಬಂದು, ನನ್ನೆದುರು ಕುಕ್ಕರುಗಾಲಲ್ಲಿ ಕೂತು ಎದ್ದು ತೋರಿಸಿದರು. ಮತ್ತೆ ಕೂತು ಮತ್ತೆ ಎದ್ದರು. ನೋವು ರೂಪಾಯಿಗೆ ಹನ್ನೆರಡಾಣೆ ಹೋಗಿದೆ ಅಂದರು. ಅವರ ಮುಖ ನೋಡಿ ನಾನೂ ನಕ್ಕೆ. ನಿಜಕ್ಕೂ ಸಂತೋಷವಾಗಿತ್ತು. ಪತ್ರದ ಮಾತು ಎತ್ತಿದೆ. ಅವರು ಕಂಬ ಹತ್ತಲು ಹೊರಟುಹೋದರು.

ಆಮೇಲಿನ ತಿಂಗಳುಗಳನ್ನು ನೆನೆಯಲು ಈಗಲೂ ನನಗೆ ಭಯ. ಇಂಜೆಕ್ಷನ್ ಕೆಲಸ ಮಾಡದಿದ್ದರೆ ಅವರು ಹೆದರಿ ಹತ್ತುತ್ತಿದ್ದರು, ಒಂದೊಂದೇ ಹೆಜ್ಜೆ ನೋಡಿ ಇಡುತ್ತಿದ್ದರು. ಅದು ಕೆಲಸ ಮಾಡಿತು. ಎಚ್ಚರ ಹೇಳುತ್ತಿದ್ದ ನೋವು ಸುಮ್ಮನಾಗಿತ್ತು, ಮಂಡಿ ಮಾತ್ರ ಅದೇ ಹಳೆಯ ಮಂಡಿ. ಡಾಕ್ಟರು ಹೇಳಿದ ವ್ಯಾಯಾಮವನ್ನು, ಕಂಬ ಹತ್ತುವುದಕ್ಕಿಂತ ದೊಡ್ಡ ವ್ಯಾಯಾಮ ಉಂಟೇ ಅಂತ ಬಿಟ್ಟರು. ಮತ್ತೆ ಪರೀಕ್ಷೆಗೆ ಬನ್ನಿ ಅಂದಿದ್ದ ದಿನಕ್ಕೆ ಹೋಗಲಿಲ್ಲ. ಅವರು ಎಲ್‌ಸಿ ಕೇಳಿದಾಗಲೆಲ್ಲ, ಪತ್ರ ನನ್ನ ಬ್ಯಾಗಿನಲ್ಲಿ ಇರುವಾಗಲೇ, ನಾನು ನನ್ನ ಕೈಯಾರೆ ನಂಬರು ಕೊಟ್ಟೆ. ಕೊಡದೆ ಇದ್ದರೆ ಯಾಕೆ ಅಂತ ಹೇಳಬೇಕಾಗುತ್ತಿತ್ತು. ಸಾಹೇಬರ ಹತ್ತಿರ ಹೇಳಿಬಿಡಲೇ ಅಂತ ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ. ಅವರಿಗೆ ಏನಾದರೂ ಆದರೆ ಕೊಂದವಳು ನಾನೇ ಅಂತಲೂ ಅಂದುಕೊಳ್ಳುತ್ತಿದ್ದೆ. ಅಂದುಕೊಳ್ಳುವುದರಲ್ಲೇ ಎಂಟು ತಿಂಗಳು ಕಳೆದವು.

ಮುಂಗಾರಿಗೆ ಮುಂಚಿನ ಗಾಳಿ ಎದ್ದ ಒಂದು ಮಧ್ಯಾಹ್ನ ಗೋವಿನಕೋವಿ ಕಡೆಯ ಲೈನಿನಲ್ಲಿ ತಂತಿ ಕಳಚಿತ್ತು. ಇಬ್ಬರು ಹೋಗಬೇಕೆಂದು ನಿಯಮ, ಆದರೆ ಜೊತೆಯವರು ಬೇರೆ ಊರಿನಲ್ಲಿ ಬಿದ್ದ ಕಂಬದ ಹತ್ತಿರ ಇದ್ದರು. ಇವರೊಬ್ಬರೇ ಹೋಗಿ ಎಲ್‌ಸಿ ಕೇಳಿದರು, ನಾನು ಕೊಟ್ಟೆ. ಅರ್ಧ ಗಂಟೆಯಾಯಿತು, ಮುಕ್ಕಾಲಾಯಿತು. ಅಷ್ಟರಲ್ಲಿ ಆ ಲೈನಿನ ಊರುಗಳಿಂದ, ಕರೆಂಟು ಯಾವಾಗ ಬರುತ್ತದೆ ಅಂತ ಫೋನಿನ ಮೇಲೆ ಫೋನು. ಹಿಂದಿನ ವಾರವಷ್ಟೇ ಸಾಹೇಬರು, ಈ ಲೈನಿನ ಕೆಲಸ ಯಾಕೆ ಇಷ್ಟು ತಡವಾಗುತ್ತದೆ ಅಂತ ಅವರನ್ನು ಎಲ್ಲರೆದುರು ಕೇಳಿದ್ದರು.

ಕೊನೆಗೆ ಅವರ ಫೋನು ಬಂತು.

"ನೆಲ ಮುಟ್ಟಿದೀನಿ, ಬರಕೊಳ್ರಿ."

ನಂಬರು ಹೇಳಿದರು. ಸರಿಯಾಗಿತ್ತು. ನಾನು ಬರೆದುಕೊಂಡೆ. ಎದ್ದು ಪ್ಯಾನೆಲ್ಲಿನ ಹತ್ತಿರ ಹೋಗಿ ಸ್ವಿಚ್ಚಿನ ಹಿಡಿಕೆಗೆ ಕೈ ಹಾಕಿದೆ. ಅವರು ಇನ್ನೂ ಫೋನು ಇಟ್ಟಿರಲಿಲ್ಲ, ನನ್ನ ಕಿವಿಗೂ ಭುಜಕ್ಕೂ ನಡುವೆ ಫೋನು ಹಾಗೇ ಇತ್ತು. ಅದರಲ್ಲಿ ದೂರದಿಂದ, ಕೆಳಗಿನಿಂದ ಕೂಗಿದ ಹಾಗೆ ಒಬ್ಬ ಹೆಂಗಸಿನ ದನಿ ಕೇಳಿತು.

"ಏಣಿ ಇನ್ನೂ ಒಂದ್ ಮೊಳ ಕೆಳಗೈತೆ, ನಿಧಾನಕ್ಕೆ ಕಾಲ್ ಬಿಡ್ರಿ."

ನನ್ನ ಕೈ ಹಿಡಿಕೆಯ ಮೇಲೆ ಇತ್ತು. ಅದನ್ನು ಅಲ್ಲಿಂದ ತೆಗೆಯಲು ಎಷ್ಟು ಹೊತ್ತು ಹಿಡಿಯಿತೋ ನನಗೆ ಗೊತ್ತಿಲ್ಲ. ಎಲ್ಲಿದ್ದೀರಿ ಅಂತ ಕೇಳಿದೆ. ಮತ್ತೆ ಕೇಳಿದೆ. ಇಳೀತಿದೀನಿ ಅಂದರು. ಅವರ ದನಿ ಅಷ್ಟು ಸಣ್ಣದಾಗಿದ್ದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನಿಜವಾಗಿ ಇಳಿದ ಮೇಲೆ, ಆ ಹೆಂಗಸಿನ ಕೈಗೆ ಫೋನು ಕೊಟ್ಟು ಅವಳ ಬಾಯಲ್ಲಿ ಹೇಳಿಸಿ ಅಂದೆ. ರಿಜಿಸ್ಟರಿನಲ್ಲಿ ಬರೆದ ಹೊತ್ತನ್ನು ಹೊಡೆದು ಹಾಕಿದೆ. ಆಮೇಲೆ ಸ್ವಿಚ್ಚಿನ ಕೆಳಗೆ ನೆಲದ ಮೇಲೆ ಕೂತುಬಿಟ್ಟೆ. ಹತ್ತೊಂಬತ್ತು ನಿಮಿಷದ ಮೇಲೆ ಆ ಹೆಂಗಸು, ಇಳಿದ್ರು ಕಣ್ರವ್ವ, ಕಂಬಕ್ಕೆ ಒರಗಿ ಕುಂತವ್ರೆ ಅಂತ ಹೇಳಿದಳು.

ಸಂಜೆ ಅವರೇ ಬಂದರು. ಇಳಿಯುವಾಗ ಮಂಡಿ ಒಮ್ಮೆಲೇ ಹಿಡಿದುಕೊಂಡಿತ್ತು, ಮಡಿಸಲೂ ಬರದು, ಚಾಚಲೂ ಬರದು. ಸೊಂಟದ ಹಗ್ಗದಲ್ಲಿ ಜೋತು ಬಿದ್ದು ನಿಂತಿದ್ದರು. ಪಕ್ಕದ ಹೊಲದಲ್ಲಿದ್ದ ಹೆಂಗಸು ಅದನ್ನು ಕಂಡು ಏಣಿ ತಂದು ಆನಿಸಿದ್ದಳು. ಮತ್ತೆ ತಡವಾಯಿತು ಅಂತ ಎಲ್ಲರಿಗೂ ಗೊತ್ತಾಗುತ್ತದಲ್ಲ, ನೀವೂ ಬರೆದುಕೊಳ್ಳುತ್ತೀರಲ್ಲ ಅಂತ ಹಾಗೆ ಹೇಳಿದೆ ಅಂದರು. "ತಂತಿ ಬಿಟ್ಟು ಆಳುದ್ದ ಕೆಳಾಗೆ ಬಂದಿದ್ದೆ ಮೇಡಮ್ನೋರೆ, ಏನೂ ಆಗ್ತಿರಲಿಲ್ಲ." ಜಾರಿ ತಂತಿ ಹಿಡಿದುಕೊಂಡಿದ್ದರೆ, ತಂತಿ ಕೂರಿಸುವ ಪಿಂಗಾಣಿ ಒಡೆದು ಕಂಬಕ್ಕೇ ಕರೆಂಟು ಇಳಿದಿದ್ದರೆ ಅಂತ ನಾನು ಕೇಳಲಿಲ್ಲ. ಅವೆಲ್ಲ ನನಗೆ ಕಲಿಸಿಕೊಟ್ಟವರೇ ಅವರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತ ನಗಲು ನೋಡಿದರು. ನನಗೆ ನಗು ಬರಲಿಲ್ಲ. ದೊಣ್ಣೆ ಇದ್ದದ್ದು ನನ್ನ ಕೈಯಲ್ಲಿ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗಿ ಸಾಹೇಬರ ಮೇಜಿನ ಮೇಲೆ ಪತ್ರ ಇಟ್ಟೆ. ಅವರು ಓದಿ, ತಾರೀಖು ನೋಡಿ, ಇಷ್ಟು ದಿನ ಇದು ಎಲ್ಲಿತ್ತು ಅಂತ ಕೇಳಿದರು. ನನ್ನ ಬ್ಯಾಗಿನಲ್ಲಿ ಅಂದೆ. ನನಗೂ ನೋಟಿಸು ಬಂತು, ಬರಬೇಕಾದದ್ದೇ. ಅವರನ್ನು ಅದೇ ವಾರ ಕಂಬದಿಂದ ತೆಗೆದು ನ್ಯಾಮತಿ ಆಫೀಸಿನಲ್ಲಿ ದೂರು ಬರೆದುಕೊಳ್ಳುವ ಫೋನಿನ ಮುಂದೆ ಕೂರಿಸಿದರು. ಮೊದಲ ದಿನ ನಾನು ಅಲ್ಲಿಗೆ ಹೋಗಿದ್ದೆ. ಅವರು ಇಲಾಖೆಯ ಆ ಹೊಸ ಬೂಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಮುಖ ತಿರುಗಿಸಿದರು.

"ಮಾತು ಕೊಟ್ಟಿದ್ರಿ."

ಅಷ್ಟೇ ಅಂದರು. ಹೌದು, ಕೊಟ್ಟಿದ್ದೆ. ಆಮೇಲೆ ಆರು ತಿಂಗಳು ನನ್ನೊಂದಿಗೆ ಮಾತು ಬಿಟ್ಟರು. ಹೊನ್ನಾಳಿ ಸಂತೆಯಲ್ಲಿ ಒಮ್ಮೆ ಅವರ ಹೆಂಡತಿ ಸಿಕ್ಕಳು. ನಿಮ್ಮ ಸುದ್ದಿ ಬಂದರೆ ಊಟ ಬಿಟ್ಟು ಏಳುತ್ತಾರೆ ಅಂದಳು. ಹಾಗೆ ಹೇಳುತ್ತಲೇ ತನ್ನ ಚೀಲದಿಂದ ನಾಲ್ಕು ಹಿಡಿ ಶೇಂಗಾ ತೆಗೆದು ನನ್ನ ಚೀಲಕ್ಕೆ ಸುರಿದಳು. ನಾನು ಸಂತೆಯ ನಡುವೆ ನಿಂತು ಅತ್ತೆ. ಅವರನ್ನು ಉಳಿಸಿದೆನೋ, ಅವರ ಕೆಲಸದ ಕೊನೆಯ ಒಂದು ವರ್ಷದ ಮರ್ಯಾದೆ ಕಿತ್ತುಕೊಂಡೆನೋ, ನನಗೆ ತೀರ್ಮಾನ ಆಗಿರಲಿಲ್ಲ. ಎಂಟು ತಿಂಗಳು ಮೊದಲೇ ಕೊಟ್ಟಿದ್ದರೆ ಇಷ್ಟು ದೊಡ್ಡ ಗಾಯ ಆಗುತ್ತಿರಲಿಲ್ಲವೇನೋ. ಇದು ನನ್ನ ತಪ್ಪು, ಬೇರೆ ಯಾರದ್ದೂ ಅಲ್ಲ.

ಮತ್ತೆ ಮಾತು ಶುರುವಾದದ್ದು ಕೆಲಸದ ಫೋನಿನಿಂದಲೇ. ಕೆರೆ ಏರಿಯ ಲೈನಿನಲ್ಲಿ ಯಾರಿಗೆ ಎಲ್‌ಸಿ ಕೊಟ್ಟಿದ್ದೀರಿ ಅಂತ ಬಿಗಿಯಾಗಿ ಕೇಳಿದರು. ಹೇಳಿದೆ, ಇಟ್ಟರು. ಹಾಗೇ ಒಂದೊಂದು ಮಾತು. ಡಾಕ್ಟರ ಹತ್ತಿರ ಮತ್ತೆ ಹೋಗುತ್ತಿದ್ದಾರೆ, ಈಗ ವ್ಯಾಯಾಮ ಮಾಡುತ್ತಿದ್ದಾರೆ, ಮೆಟ್ಟಿಲು ಹೇಗೆ ಇಳಿಯಬೇಕೆಂದು ಅಲ್ಲಿ ಹೇಳಿಕೊಟ್ಟಿದ್ದಾರೆ ಅಂತೆಲ್ಲ ಬೇರೆಯವರಿಂದ ತಿಳಿಯಿತು. ಮೂರನೇ ಇಂಜೆಕ್ಷನ್ ಬೇಡ ಅಂದರಂತೆ, ಇರುವ ನೋವು ಇರಲಿ ಅಂದರಂತೆ. ಬೀಳ್ಕೊಡುಗೆಯ ದಿನವೂ ನನಗೆ ಕೈ ಮುಗಿದು ಮುಂದೆ ಹೋದರು, ಅಷ್ಟೇ.

ಮೊನ್ನೆ ಮಧ್ಯಾಹ್ನ ಗಾಳಿ ಎದ್ದು ಹೊನ್ನಾಳಿಯ ಒಂದು ಭಾಗಕ್ಕೆ ಕರೆಂಟು ಹೋಯಿತು. ನಾನು ಎಲ್‌ಸಿ ಕೊಟ್ಟು, ಎಂದಿನಂತೆ ಕೋಣೆಯಲ್ಲಿ ತಿರುಗುತ್ತಿದ್ದೆ. ಹತ್ತಾರು ಫೋನು ಬಂದವು. ಎಲ್ಲರದ್ದೂ ಒಂದೇ ಪ್ರಶ್ನೆ, ಕರೆಂಟು ಯಾವಾಗ ಬರುತ್ತದೆ. ಹನ್ನೊಂದನೆಯದೋ ಹನ್ನೆರಡನೆಯದೋ ಅವರದು. ಈಗ ಅವರಿಗೆ ಕಂಬವೂ ಇಲ್ಲ, ದೂರಿನ ಪುಸ್ತಕವೂ ಇಲ್ಲ, ಹೊನ್ನಾಳಿಯ ಮನೆಯಲ್ಲಿ ಕರೆಂಟಿಲ್ಲದೆ ಕೂತ ಎಲ್ಲರಂಥ ಒಬ್ಬ ಗ್ರಾಹಕ.

"ಯಾರು ಮ್ಯಾಲವ್ರೆ?" ಅಂತ ಕೇಳಿದರು.

ಹೊಸದಾಗಿ ಬಂದ ಲೈನ್‌ಮನ್ ಒಬ್ಬನ ಹೆಸರು ಹೇಳಿದೆ. ಇಳಿದನಾ ಅಂದರು. ಇನ್ನೂ ಇಲ್ಲ ಅಂದೆ. ಎಷ್ಟು ಹೊತ್ತಾಯಿತು ಅಂದರು. ಇಪ್ಪತ್ತು ನಿಮಿಷ ಅಂದೆ. ಫೋನಿನಲ್ಲಿ ಅವರು ಉಸಿರಾಡುವುದು ಕೇಳುತ್ತಿತ್ತು. ಹೊರಗೆ ಗಾಳಿ ಜೋರಾಯಿತು. ಅಲ್ಲಿಯೂ ಅದೇ ಗಾಳಿ ಬೀಸುತ್ತಿದ್ದಿರಬೇಕು.

"ನಾನು ಮ್ಯಾಲಿದ್ದಾಗ ನಿಮಗೆ ಹಿಂಗೇ ಆಗ್ತಿತ್ತೇನ್ರಿ?"

"ಹೌದು."

"ಅಷ್ಟೂ ವರ್ಷ?"

"ಅಷ್ಟೂ ವರ್ಷ."

ಇಬ್ಬರೂ ಫೋನು ಇಡಲಿಲ್ಲ. ಮೇಜಿನ ಮೇಲಿನ ಇನ್ನೊಂದು ಫೋನು ಹೊಡೆದು, ಆ ಹುಡುಗ ಇಳಿದು ನಂಬರು ಹೇಳಿದ. ಎರಡು ಸಲ ಕೇಳಿ ಬರೆದುಕೊಂಡೆ. ಇಳಿದ ಅಂತ ಇವರಿಗೆ ಹೇಳಿದೆ. ಆಗ ಅವರು ಫೋನು ಇಟ್ಟರು.